ನದಿ ಉಳಿಯಬೇಕಾದರೆ ನೆಲದ ಲೆಕ್ಕ ಬೇಕು: ಅರ್ಕಾವತಿ ಕಲಿಸುವ ಪಾಠ

ಹರಿಯುವ ನದಿಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದು ಎಂದು ಪ್ರವಾದಿ ಮುಹಮ್ಮದ್(ಸ) ಅವರು ಹ. ಸಅದ್(ರ) ಅವರಿಗೆ ತಿಳಿಸಿದ್ದನ್ನು ನಾವು ಜುಮಾ ಖುತ್ಬಾಗಳಲ್ಲಿ ಹಲವು ಸಲ ಕೇಳಿದ್ದೇವೆ. ಕೇಳಿದ ದಿನ ಮಸೀದಿಯ ನಲ್ಲಿಯನ್ನು ಸ್ವಲ್ಪ ಬಿಗಿಯಾಗಿ ತಿರುಗಿಸುತ್ತೇವೆ. ಅದು ಒಳ್ಳೆಯದೇ. ಆದರೆ ಆ ಹದೀಸಿನಲ್ಲಿ ಒಂದು ನದಿ ಇದೆ, ಅದು ಹರಿಯುತ್ತಿದೆ. ನಮ್ಮೂರಿನ ಪಕ್ಕದ ನದಿ ಹರಿಯುತ್ತಿದೆಯೇ? ಹರಿಯುತ್ತಿಲ್ಲವಾದರೆ ಅದು ನಿಂತದ್ದು ಯಾಕೆ? ಹರಿಯುತ್ತಿದ್ದರೂ ಆ ನೀರನ್ನು ಕೈಯಲ್ಲಿ ಮುಟ್ಟಬಹುದೇ?

ಈ ಪ್ರಶ್ನೆ ಕೇಳಿದಾಗ ಸಾಮಾನ್ಯವಾಗಿ ಸಿಗುವ ಉತ್ತರಗಳು ಮೂರು: ಮಳೆ ಕಡಿಮೆಯಾಗಿದೆ, ನದಿಯಲ್ಲಿ ಹೂಳು ತುಂಬಿದೆ, ಸರ್ಕಾರ ಏನೂ ಮಾಡುತ್ತಿಲ್ಲ. ಈ ಮೂರರಿಂದಲೂ ನಾವು ಸುಲಭವಾಗಿ ಪಾರಾಗುತ್ತೇವೆ, ಏಕೆಂದರೆ ಮೂರರಲ್ಲೂ ನಮ್ಮ ಪಾತ್ರವಿಲ್ಲ. ನದಿಗಳನ್ನು ಅಧ್ಯಯನ ಮಾಡಿದವರು ಹೇಳುವುದು ಬೇರೆ. ನದಿ ಕೆಡುವುದು ಹೆಚ್ಚಾಗಿ ಅದರ ಪಾತ್ರದಲ್ಲಿ ಅಲ್ಲ. ಅದಕ್ಕೆ ನೀರು ಕೊಡುವ ನೆಲದಲ್ಲಿ. ಆದ್ದರಿಂದ ನದಿಯನ್ನು ಉಳಿಸುವ ಯೋಜನೆ ಎಂದರೆ ಆ ನೆಲದ ಯೋಜನೆ. ಇದನ್ನು ಅರ್ಥ ಮಾಡಿಕೊಳ್ಳಲು ನಮಗೆ ಹತ್ತಿರದಲ್ಲೇ ಒಂದು ಉದಾಹರಣೆ ಇದೆ: ಅರ್ಕಾವತಿ.

ಜಲಾನಯನ ಎಂದರೇನು?

ಮನೆಯ ಮಾಳಿಗೆಯನ್ನು ನೆನಪು ಮಾಡಿಕೊಳ್ಳಿ. ಮಳೆ ಬೀಳುವುದು ಇಡೀ ಮಾಳಿಗೆಯ ಮೇಲೆ, ಆದರೆ ನೀರು ಹೊರಬರುವುದು ಮೂಲೆಯ ಒಂದು ಕೊಳವೆಯಲ್ಲಿ. ಕೊಳವೆಯಲ್ಲಿ ನೀರು ಬರುತ್ತಿಲ್ಲವಾದರೆ ಕೊಳವೆಯನ್ನು ಮಾತ್ರ ಉಜ್ಜಿ ತೊಳೆದರೆ ಸಾಲದು; ಮಾಳಿಗೆಯ ಮೇಲೆ ಏನಾಗಿದೆ ಎಂದು ಹತ್ತಿ ನೋಡಬೇಕು. ನದಿ ಆ ಕೊಳವೆಯಂತೆ. ಎರಡು ದಿಬ್ಬಗಳ ನಡುವೆ, ಬೆಟ್ಟದ ನೆತ್ತಿಯಿಂದ ಹೊಲ, ಗೋಮಾಳ, ತೋಪು, ಊರು, ರಸ್ತೆ ಎಲ್ಲವನ್ನೂ ಸೇರಿಸಿ, ಯಾವ ನೆಲದ ಮೇಲೆ ಬಿದ್ದ ಮಳೆ ಕೊನೆಗೆ ಒಂದೇ ಹೊಳೆಗೆ ಇಳಿಯುತ್ತದೋ ಆ ನೆಲವೆಲ್ಲ ಆ ಹೊಳೆಯ ಜಲಾನಯನ ಪ್ರದೇಶ.

ಇದರ ಪ್ರಮಾಣ ತಿಳಿಯಲು ಒಂದು ಸಣ್ಣ ಲೆಕ್ಕ ಸಾಕು. ವರ್ಷಕ್ಕೆ 800 ಮಿ.ಮೀ. ಮಳೆ ಬೀಳುವ ಕಡೆ ಒಂದು ಎಕರೆ ನೆಲದ ಮೇಲೆ ಸುಮಾರು 32 ಲಕ್ಷ ಲೀಟರ್ ನೀರು ಇಳಿಯುತ್ತದೆ. ಅದರಲ್ಲಿ ಬಹುಪಾಲು ಬಿಸಿಲಿಗೆ ಆವಿಯಾಗುತ್ತದೆ, ಬೆಳೆ ಮತ್ತು ಮರಗಳು ಕುಡಿಯುತ್ತವೆ. ಒಂದಷ್ಟು ಮಣ್ಣಿನೊಳಗೆ ಇಳಿದು ಅಂತರ್ಜಲವಾಗುತ್ತದೆ. ಉಳಿದ ಸಣ್ಣ ಪಾಲು ಹಳ್ಳಕ್ಕೆ ಸೇರುತ್ತದೆ. ನದಿಯ ಪಾಲು ಮೊದಲೇ ಸಣ್ಣದು. ಆದ್ದರಿಂದ ಮೇಲಿನ ಖರ್ಚು ಸ್ವಲ್ಪ ಹೆಚ್ಚಾದರೂ ಮೊದಲು ಖಾಲಿಯಾಗುವುದು ನದಿಯ ಪಾಲೇ.

ಅರ್ಕಾವತಿಯ ದಾರಿ

ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ, ದೊಡ್ಡಬಳ್ಳಾಪುರದ ಕಡೆ ಇಳಿದು, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ರಾಮನಗರ, ಕನಕಪುರ ದಾಟಿ ಮೇಕೆದಾಟು ಬಳಿಯ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಉದ್ದ ಸುಮಾರು 190 ಕಿ.ಮೀ. ಶಿವಗಂಗೆ ಬೆಟ್ಟದ ಕಡೆಯಿಂದ ಬರುವ ಕುಮುದ್ವತಿ ತಿಪ್ಪಗೊಂಡನಹಳ್ಳಿಯಲ್ಲಿ ಅದನ್ನು ಕೂಡುತ್ತದೆ. ಬೆಂಗಳೂರು ನಗರದೊಳಗೇ ಹುಟ್ಟುವ ವೃಷಭಾವತಿ ಮುಂದೆ ಕೆಳಗಡೆ ಸೇರುತ್ತದೆ.

ಒಂದು ಕಾಲಕ್ಕೆ ಬೆಂಗಳೂರಿಗೆ ನೀರು ಕುಡಿಸಿದ್ದು ಈ ನದಿಯೇ. 1894ರಲ್ಲಿ ಹೆಸರಘಟ್ಟದಲ್ಲಿ ಜಲಾಶಯ ಕಟ್ಟಿ ನಗರಕ್ಕೆ ಕೊಳವೆಯಲ್ಲಿ ನೀರು ತರುವ ವ್ಯವಸ್ಥೆ ಆರಂಭವಾಯಿತು. ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಬಂತು. ಆ ಜಲಾಶಯಕ್ಕೆ ನೀರು ಕೊಡುವ ನೆಲವೇ ಸುಮಾರು 1,450 ಚದರ ಕಿ.ಮೀ.

ಬಳಿಕ ಏನಾಯಿತೆಂಬುದು ಆ ಭಾಗದ ಹಿರಿಯರಿಗೆ ಗೊತ್ತು. ವರ್ಷದಲ್ಲಿ ಹಲವು ತಿಂಗಳು ಹರಿಯುತ್ತಿದ್ದ ಹೊಳೆ ಕ್ರಮೇಣ ಮಳೆಗಾಲದ ಕೆಲವು ದಿನಗಳಿಗೆ ಸೀಮಿತವಾಯಿತು. ಹೆಸರಘಟ್ಟ ಬರಿದಾಯಿತು. ತಿಪ್ಪಗೊಂಡನಹಳ್ಳಿಯಲ್ಲಿ ಉಳಿದ ನೀರೂ ಕುಡಿಯಲು ಯೋಗ್ಯವಾಗಿ ಉಳಿಯಲಿಲ್ಲ. 2012ರ ಹೊತ್ತಿಗೆ ಅಲ್ಲಿಂದ ನಗರಕ್ಕೆ ನೀರೆತ್ತುವುದನ್ನು ನಿಲ್ಲಿಸಲಾಯಿತು. 1974ರಿಂದಲೇ ಬೆಂಗಳೂರು ಕಾವೇರಿಯ ಕಡೆ ತಿರುಗಿತ್ತು. ಇಂದು ಆ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಿನಲ್ಲಿ ಏರಿ ಬರುತ್ತದೆ. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತವೂ ಉದ್ಘಾಟನೆಯಾಯಿತು. ಮನೆ ಬಾಗಿಲಿನ ನದಿ ಬತ್ತಿದಾಗ ನಾವು ದೂರದ ನದಿಗೆ ಕೈ ಹಾಕುತ್ತೇವೆ. ಆ ದೂರದ ನದಿಯನ್ನು ನಂಬಿದ ರೈತರೂ, ಊರುಗಳೂ ಇದ್ದಾರೆಂಬುದು ಬೇಸಿಗೆಯ ಜಗಳಗಳಲ್ಲಿ ಮಾತ್ರ ನೆನಪಾಗುತ್ತದೆ.

ಮಳೆಯೇ ಕಾರಣವೇ?

ನದಿಯನ್ನು ಪುನಶ್ಚೇತನಗೊಳಿಸಬೇಕೆಂದು ಹಿಂದೆ ಅರ್ಕಾವತಿಯಲ್ಲಿ ಹೂಳೆತ್ತಿದ್ದಾರೆ, ಪಾತ್ರದ ಗಿಡಗಂಟಿ ತೆಗೆದಿದ್ದಾರೆ. ಕಾಲುವೆ ಅಗಲವಾಯಿತು, ಆದರೆ ನೀರು ಬರಲಿಲ್ಲ. ರೋಗ ಏನೆಂದು ತಿಳಿಯದೆ ಔಷಧಿ ಕೊಟ್ಟಂತಾಯಿತು.

ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇತರರೊಂದಿಗೆ ಸೇರಿ ಈ ನದಿ ಯಾಕೆ ಬತ್ತಿತೆಂದು ತಾಳ್ಮೆಯಿಂದ ಪರೀಕ್ಷಿಸಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅವರು ಐದು ಅನುಮಾನಗಳನ್ನು ಮುಂದಿಟ್ಟುಕೊಂಡರು: ಮಳೆ ಕಡಿಮೆಯಾಯಿತೇ, ಬಿಸಿಲು ಹೆಚ್ಚಾಯಿತೇ, ಅಂತರ್ಜಲ ಎತ್ತಿದ್ದು ಕಾರಣವೇ, ನೀಲಗಿರಿ ತೋಪುಗಳು ಕಾರಣವೇ, ಹಳ್ಳಗಳಿಗೆ ಅಡ್ಡಲಾಗಿ ಕಟ್ಟಿದ ಚೆಕ್ ಡ್ಯಾಂ ಮುಂತಾದ ತಡೆಗಳು ಕಾರಣವೇ? ಒಂದೊಂದನ್ನೂ ಲೆಕ್ಕ ಹಾಕಿ ನೋಡಿದಾಗ ಮಳೆ ಮತ್ತು ಬಿಸಿಲು ಈ ಪ್ರಮಾಣದ ಬತ್ತುವಿಕೆಗೆ ಕಾರಣವಾಗಿ ಕಾಣಲಿಲ್ಲ. ಅಂತರ್ಜಲದ ಅತಿಬಳಕೆ ಮತ್ತು ನೀಲಗಿರಿಯ ವಿಸ್ತರಣೆ ಮುಖ್ಯವಾಗಿ ಕಂಡವು. ಅವುಗಳಿಗಿಂತ ಕಡಿಮೆ ಮಟ್ಟಿಗೆ ಹಳ್ಳಗಳಲ್ಲಿನ ತಡೆಗಳು.

ಅಂದರೆ ಆಕಾಶದಿಂದ ಬರುವ ಕೊಡುಗೆ ನಿಂತಿರಲಿಲ್ಲ. ಬಂದದ್ದನ್ನು ನದಿಗೆ ತಲುಪುವ ಮೊದಲೇ ನಾವು ಖರ್ಚು ಮಾಡಿದ್ದೆವು.

ಬೋರ್‌ವೆಲ್‌ಗೂ ನದಿಗೂ ಏನು ಸಂಬಂಧ?

ಇದು ಹಲವರಿಗೆ ಒಗಟಿನಂತೆ ತೋರುತ್ತದೆ. ಹೊಳೆ ಇರುವುದು ಮೇಲೆ, ಬೋರ್‌ವೆಲ್ ನೀರು ಇರುವುದು ಎಲ್ಲೋ ಆಳದಲ್ಲಿ. ಒಂದಕ್ಕೊಂದು ಹೇಗೆ ತಾಗುತ್ತದೆ?

ಅಂತರ್ಜಲ ಮೇಲ್ಮಟ್ಟದಲ್ಲಿದ್ದ ಕಾಲದಲ್ಲಿ ತೆರೆದ ಬಾವಿಗಳಲ್ಲಿ ಹಗ್ಗ ಇಳಿಬಿಟ್ಟರೆ ನೀರು ಸಿಗುತ್ತಿತ್ತು. ಹಳ್ಳದ ಪಾತ್ರ ಆ ನೀರಿನ ಮಟ್ಟಕ್ಕಿಂತ ಕೆಳಗಿದ್ದುದರಿಂದ ಎರಡೂ ದಡಗಳಿಂದ ಒರತೆಯಾಗಿ ನೀರು ಒಸರುತ್ತಿತ್ತು. ಮಳೆ ನಿಂತು ತಿಂಗಳುಗಳಾದರೂ ಹೊಳೆ ತೆಳ್ಳಗೆ ಹರಿಯುತ್ತಿದ್ದುದು ಈ ಒರತೆಯಿಂದಲೇ. ಈಗ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತ್ರಿಯಿಲ್ಲ. ನೆಲದೊಳಗಿನ ನೀರು ಅಷ್ಟು ಕೆಳಗೆ ಹೋದ ಮೇಲೆ ಹಳ್ಳಕ್ಕೆ ಒಸರುವುದು ಯಾವುದು? ಬದಲಿಗೆ ಹಳ್ಳದಲ್ಲಿ ಬಂದ ನೀರೇ ಒಣಗಿದ ನೆಲದೊಳಗೆ ಇಳಿದು ಮಾಯವಾಗುತ್ತದೆ. ಹಿಂದೆ ನೆಲ ನದಿಗೆ ಕೊಡುತ್ತಿತ್ತು, ಈಗ ನದಿಯಿಂದ ಕಿತ್ತುಕೊಳ್ಳುತ್ತಿದೆ.

ನೀಲಗಿರಿಯ ವಿಷಯವೂ ಹೀಗೆಯೇ. ರಾಗಿ ಮಳೆಗಾಲದ ಕೆಲವು ತಿಂಗಳು ಮಾತ್ರ ನೀರು ಕುಡಿದು ಕೊಯ್ಲಿಗೆ ಬರುತ್ತದೆ. ನೀಲಗಿರಿ ವರ್ಷವಿಡೀ ಹಸಿರು, ಬೇರು ಆಳಕ್ಕೆ ಹೋಗುತ್ತದೆ, ಮಣ್ಣಿನಲ್ಲಿ ಉಳಿದ ತೇವವನ್ನೂ ಬಿಡುವುದಿಲ್ಲ. ಟಿಪ್ಪು ಸುಲ್ತಾನರ ಕಾಲದಲ್ಲಿ, ಸುಮಾರು 1790ರಲ್ಲಿ, ಇದೇ ನಂದಿ ಬೆಟ್ಟದ ತೋಟಕ್ಕೆ ಮೊದಲು ನೀಲಗಿರಿ ತರಿಸಲಾಯಿತೆಂದು ಸಸ್ಯಗಳ ಇತಿಹಾಸ ಬರೆದವರು ಹೇಳುತ್ತಾರೆ. ತೋಟದಲ್ಲಿ ಹತ್ತಿಪ್ಪತ್ತು ಮರ ಇದ್ದರೆ ನದಿಗೆ ತೊಂದರೆಯಿಲ್ಲ. ಊರೂರಿನ ಹೊಲಗಳೆಲ್ಲ ನೀಲಗಿರಿ ತೋಪುಗಳಾದಾಗ ಲೆಕ್ಕ ತಪ್ಪಿತು. ರೈತರನ್ನು ಮಾತ್ರ ದೂರುವುದೂ ಸರಿಯಲ್ಲ. ಕೂಲಿಯಾಳು ಸಿಗದ, ರಾಗಿಗೆ ಬೆಲೆಯಿಲ್ಲದ, ಮಕ್ಕಳು ನಗರ ಸೇರಿದ ಮನೆಗೆ ನೀಲಗಿರಿ ಸುಲಭದ ದಾರಿಯಾಗಿತ್ತು. 2017ರಲ್ಲಿ ಕರ್ನಾಟಕ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೆ ಕಡಿದ ಬುಡ ಮತ್ತೆ ಚಿಗುರುವ ಮರ ಅದು. ಹಳೆಯ ತೋಪುಗಳನ್ನು ಬೇರು ಸಹಿತ ತೆಗೆದು ಬೇರೆ ಬೆಳೆಗೆ ಹೋಗಲು ರೈತನಿಗೆ ಹಣ ಬೇಕು, ಮಾರುಕಟ್ಟೆ ಬೇಕು. ಅದನ್ನು ಕೊಡದ ಯೋಜನೆ ಕಾಗದದಲ್ಲೇ ಉಳಿಯುತ್ತದೆ.

ಹಡಗಿನ ಕೆಳ ಅಂತಸ್ತು

ಇಲ್ಲಿ ಸಹೀಹ್ ಬುಖಾರಿಯಲ್ಲಿ ಬಂದಿರುವ ಪ್ರವಾದಿವರ್ಯರ(ಸ) ಒಂದು ಉಪಮೆ ನೆನಪಾಗುತ್ತದೆ. ಒಂದು ಹಡಗಿನಲ್ಲಿ ಜನರು ಚೀಟಿ ಎತ್ತಿ ಜಾಗ ಹಂಚಿಕೊಂಡರು. ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳ ಅಂತಸ್ತು. ಕೆಳಗಿನವರು ನೀರಿಗಾಗಿ ಪ್ರತಿ ಸಲ ಮೇಲಿನವರ ನಡುವೆ ಹಾದು ಹೋಗಬೇಕಿತ್ತು. ಮೇಲಿನವರಿಗೆ ತೊಂದರೆ ಯಾಕೆ, ನಮ್ಮ ಪಾಲಿನ ಜಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರು ಯೋಚಿಸಿದರು. ಅವರನ್ನು ಹಾಗೆಯೇ ಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ.

ವಿದ್ವಾಂಸರು ಈ ಉಪಮೆಯನ್ನು ಸಮಾಜದ ಎಲ್ಲ ಕೆಡುಕುಗಳಿಗೂ ಅನ್ವಯಿಸಿ ವಿವರಿಸಿದ್ದಾರೆ. ನೀರಿನ ವಿಷಯದಲ್ಲಂತೂ ಅದನ್ನು ಅನ್ವಯಿಸಲು ಹೆಚ್ಚು ವಿವರಣೆಯೇ ಬೇಕಿಲ್ಲ. ಆ ಜನರು ದುಷ್ಟರಲ್ಲ. ಅವರಿಗೆ ಬೇಕಾದದ್ದು ನೀರು. ಕೊರೆಯುವುದು ತಮ್ಮದೇ ಜಾಗದಲ್ಲಿ. ಬೇರೆಯವರಿಗೆ ತೊಂದರೆ ಆಗದಿರಲಿ ಎಂಬ ಸದುದ್ದೇಶವೂ ಅವರಿಗಿದೆ. ತಪ್ಪು ಎಲ್ಲಿದೆಯೆಂದರೆ, ಹಡಗಿನ ತಳವನ್ನು ಹಂಚಿಕೊಳ್ಳಲು ಬರುವುದಿಲ್ಲ ಎಂಬುದನ್ನು ಅವರು ಮರೆತದ್ದರಲ್ಲಿ. ನನ್ನ ಜಮೀನು, ನನ್ನ ದುಡ್ಡು, ನನ್ನ ಬೋರ್ ಎನ್ನುವ ಮಾತು ಇದೇ ಬಗೆಯದು. ಜಮೀನಿಗೆ ಬೇಲಿ ಹಾಕಬಹುದು, ಅದರ ಕೆಳಗಿನ ನೀರಿಗೆ ಬೇಲಿಯಿಲ್ಲ. ಮೂರು ಬೋರ್ ವಿಫಲವಾಗಿ ಸಾಲಕ್ಕೆ ಸಿಕ್ಕ ರೈತ ನಾಲ್ಕನೆಯದನ್ನು ಇನ್ನೂ ಆಳಕ್ಕೆ ಇಳಿಸುತ್ತಾನೆ. ಅದು ನೀರು ಕೊಟ್ಟರೆ ಪಕ್ಕದವನ ಬೋರ್ ನಿಲ್ಲುತ್ತದೆ. ಕೊನೆಗೆ ಇಬ್ಬರೂ ಸಾಲಗಾರರಾಗುತ್ತಾರೆ, ನದಿ ಬತ್ತುತ್ತದೆ.

ಕೈ ಹಿಡಿದು ತಡೆಯುವುದೆಂದರೆ ಜಗಳವಲ್ಲ, ಎಲ್ಲರೂ ಒಪ್ಪಿದ ನಿಯಮ. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ. ಅತಿಬಳಕೆಯಾಗಿದೆ ಎಂದು ಅಧಿಸೂಚಿಸಿದ ತಾಲ್ಲೂಕುಗಳಲ್ಲಿ ಕೊಳವೆ ಬಾವಿ ಕೊರೆಸಲು ಮೊದಲು ಅನುಮತಿ ಪಡೆಯಬೇಕು. ಕಾಯ್ದೆ ಇದ್ದ ಮಾತ್ರಕ್ಕೆ ಕೊರೆಯುವ ಲಾರಿ ನಿಲ್ಲುವುದಿಲ್ಲ. ಊರಿನವರು ಒಟ್ಟಾಗಿ ಕುಳಿತು, ಈ ವರ್ಷ ನಮ್ಮಲ್ಲಿ ಇಷ್ಟು ಮಳೆಯಾಗಿದೆ, ಇಷ್ಟೇ ಬೆಳೆಗೆ ಸಾಕು ಎಂದು ತೀರ್ಮಾನಿಸಿದಾಗ ಅದಕ್ಕೆ ಜೀವ ಬರುತ್ತದೆ.

ಕೆಳಗಿನ ಅರ್ಧದ ಸಂಕಟ

ತಿಪ್ಪಗೊಂಡನಹಳ್ಳಿಯ ಮೇಲಿನ ಅರ್ಕಾವತಿಗೆ ನೀರಿಲ್ಲ. ಕೆಳಗಿನ ಅರ್ಕಾವತಿಗೆ ನೀರಿದೆ, ಆದರೆ ಎಂಥ ನೀರು? ಬೆಂಗಳೂರಿನ ಪಶ್ಚಿಮ ಭಾಗದ ಕೊಳಚೆಯನ್ನು ಹೊತ್ತ ವೃಷಭಾವತಿ ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಇಳಿದು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. 1940ರ ದಶಕದಲ್ಲಿ ಗದ್ದೆಗಳಿಗೆ ನೀರುಣಿಸಲು ಕಟ್ಟಿದ ಆ ಕೆರೆಯಲ್ಲಿ ಈಗ ನೊರೆ ತೇಲುತ್ತದೆ. ಅಚ್ಚುಕಟ್ಟಿನ ರೈತರು ಅದೇ ನೀರಿನಲ್ಲಿ ಮೇವಿನ ಹುಲ್ಲು, ಹಿಪ್ಪುನೇರಳೆ ಬೆಳೆಯುತ್ತಾರೆ, ಬೇರೆ ದಾರಿಯಿಲ್ಲದೆ. ಆ ಹುಲ್ಲು ತಿಂದ ಹಸುವಿನ ಹಾಲು ನಗರಕ್ಕೇ ಬರುತ್ತದೆ.

ಮೇಲ್ಭಾಗವೂ ಸ್ವಚ್ಛವಾಗಿಲ್ಲ. ದೊಡ್ಡಬಳ್ಳಾಪುರ ಪಟ್ಟಣದ ಮತ್ತು ಕೈಗಾರಿಕಾ ಪ್ರದೇಶದ ತ್ಯಾಜ್ಯ ನೀರು ದೊಡ್ಡತುಮಕೂರು, ಚಿಕ್ಕತುಮಕೂರು ಕೆರೆಗಳಿಗೆ ಸೇರುತ್ತಿದೆಯೆಂದು ಅಲ್ಲಿನ ಜನರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ದೇಶದ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿತು. ಅದರಲ್ಲಿ ಕರ್ನಾಟಕದವು 17. ಅರ್ಕಾವತಿಯೂ ಅವುಗಳಲ್ಲಿ ಒಂದು. ನೀರಿನಲ್ಲಿ ಕೊಳೆಯುವ ಪದಾರ್ಥ ಹೆಚ್ಚಾದಷ್ಟೂ ಅದನ್ನು ಕರಗಿಸಲು ಹೆಚ್ಚು ಆಮ್ಲಜನಕ ಖರ್ಚಾಗುತ್ತದೆ, ಮೀನು ಬದುಕಲಾರದು. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಈ ಬೇಡಿಕೆ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ಮೂವತ್ತನ್ನು ಮೀರಿದರೆ ಅದು ಮೊದಲ ಆದ್ಯತೆಯ ಕಲುಷಿತ ನದಿ. ಆ ವರ್ಷವೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪ್ರತಿ ರಾಜ್ಯವೂ ಇಂಥ ನದಿಗಳಿಗೆ ಕ್ರಿಯಾ ಯೋಜನೆ ಸಿದ್ಧಪಡಿಸಬೇಕೆಂದು ಆದೇಶಿಸಿತು.

ರಾಮನಗರದ ನಮ್ಮ ಅನೇಕ ಕುಟುಂಬಗಳಿಗೆ ಇದು ದೂರದ ಸುದ್ದಿಯಲ್ಲ. ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ರೀಲರ್‌ಗಳಿಗೆ ದಿನವೂ ಒಳ್ಳೆಯ ನೀರು ಬೇಕು. ಗಡಸು ನೀರಿನಲ್ಲಿ ನೂಲಿನ ಹೊಳಪು ಕೆಡುತ್ತದೆ. ಊರ ನಡುವೆಯೇ ನದಿ ಇದ್ದರೂ ಬೋರ್ ನೀರಿಗೆ, ಟ್ಯಾಂಕರಿಗೆ ದುಡ್ಡು ಕೊಡಬೇಕು. ಇದೇ ಊರು 2022ರ ಆಗಸ್ಟ್ ಕೊನೆಯಲ್ಲಿ ಒಂದು ರಾತ್ರಿಯ ಮಳೆಗೆ ನೆರೆಯನ್ನೂ ಕಂಡಿತು. ಬತ್ತುವುದೂ, ಉಕ್ಕಿ ಮನೆಗೆ ನುಗ್ಗುವುದೂ ಒಂದೇ ರೋಗದ ಎರಡು ಲಕ್ಷಣ: ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ನೆಲ, ಕೆರೆ, ರಾಜಕಾಲುವೆಗಳು ಕೆಟ್ಟಿವೆ.

ಒಳ್ಳೆಯ ಯೋಜನೆಯಲ್ಲಿ ಏನಿರಬೇಕು?

ಒಂದು, ನಕ್ಷೆ. ಯೋಜನೆಯ ಗಡಿ ಜಿಲ್ಲೆಯ ಗಡಿಯಲ್ಲ, ನೀರಿನ ಗಡಿ. ನಂದಿ ಬೆಟ್ಟದಿಂದ ಸಂಗಮದವರೆಗೆ ಯಾವ ಕೆರೆಯ ಕೋಡಿ ಯಾವ ಕೆರೆಗೆ ಹರಿಯುತ್ತದೆ ಎಂಬ ಸರಪಳಿ ಅದರಲ್ಲಿ ಕಾಣಬೇಕು. ಹಳೆಯ ಗ್ರಾಮ ನಕ್ಷೆಗಳಲ್ಲಿ ಹಳ್ಳ ಮತ್ತು ರಾಜಕಾಲುವೆಗಳು ಖರಾಬು ಎಂದು ನಮೂದಾಗಿವೆ. ಖರಾಬು ಎಂದರೆ ಕೆಲಸಕ್ಕೆ ಬಾರದ ನೆಲವಲ್ಲ, ಸಾರ್ವಜನಿಕರ ನೆಲ. ಅದರ ಮೇಲೆ ಲೇಔಟ್ ಬಂದರೆ ಸರಪಳಿಯ ಒಂದು ಕೊಂಡಿ ಕಳಚಿದಂತೆ.

ಎರಡು, ನೀರಿನ ಆಯವ್ಯಯ. ಮಳೆಯಿಂದ ಬರುವುದೆಷ್ಟು, ಬೆಳೆ ಮತ್ತು ತೋಪುಗಳಿಗೆ ಹೋಗುವುದೆಷ್ಟು, ಬೋರ್‌ಗಳು ಎತ್ತುವುದೆಷ್ಟು, ನದಿಗೆ ಉಳಿಯುವುದೆಷ್ಟು. ಮನೆಯ ಖರ್ಚಿನ ಪುಸ್ತಕ ಬರೆಯದವರು ತಿಂಗಳ ಕೊನೆಯಲ್ಲಿ ಸಾಲ ಕೇಳುತ್ತಾರೆ. ನೀರಿನ ಪುಸ್ತಕ ಬರೆಯದ ಊರು ಬೇಸಿಗೆಯಲ್ಲಿ ಟ್ಯಾಂಕರ್ ಕೇಳುತ್ತದೆ.

ಮೂರು, ಆದ್ಯತೆ. ಕುಡಿಯುವ ನೀರು ಮೊದಲು, ಜಾನುವಾರು ನಂತರ, ಆಮೇಲೆ ಬೆಳೆ, ಕೈಗಾರಿಕೆ, ಉದ್ಯಾನ. ಇವುಗಳ ನಡುವೆ ನದಿಗೂ ಅದರದೇ ಪಾಲು ಇಡಬೇಕು, ಉಳಿದರೆ ಕೊಡೋಣ ಎನ್ನುವಂತಿಲ್ಲ.

ನಾಲ್ಕು, ಕೊಳಕನ್ನು ಮೂಲದಲ್ಲೇ ತಡೆಯುವುದು. ನದಿಗೆ ಸೇರಿದ ಮೇಲೆ ತೊಳೆಯುವುದಕ್ಕಿಂತ ಸೇರುವ ಮೊದಲು ತಡೆಯುವುದು ಅಗ್ಗ. ಪ್ರತಿ ಪಟ್ಟಣಕ್ಕೂ ಒಳಚರಂಡಿ, ಕೊನೆಯಲ್ಲಿ ಕೆಲಸ ಮಾಡುವ ಶುದ್ಧೀಕರಣ ಘಟಕ, ಕಾರ್ಖಾನೆಯ ನೀರಿಗೆ ಪ್ರತ್ಯೇಕ ವ್ಯವಸ್ಥೆ. ಘಟಕ ಕಟ್ಟಿದ್ದೇವೆ ಎಂಬುದು ಸಾಧನೆಯಲ್ಲ, ಅದರಿಂದ ಹೊರಬರುವ ನೀರನ್ನು ತಿಂಗಳಿಗೊಮ್ಮೆ ಅಳೆದು ಫಲಕದಲ್ಲಿ ಬರೆದರೆ ಸಾಧನೆ.

ಐದು, ದಡದ ರಕ್ಷಣೆ. ಇಸ್ಲಾಮೀ ಕಾನೂನಿನಲ್ಲಿ ಹರೀಮ್ ಎಂಬ ಕಲ್ಪನೆಯಿದೆ. ಬಾವಿ, ಚಿಲುಮೆ, ಕಾಲುವೆಗಳ ಸುತ್ತ ಇಂತಿಷ್ಟು ಜಾಗವನ್ನು ಯಾರೂ ಅತಿಕ್ರಮಿಸದಂತೆ ಕಾಯ್ದಿರಿಸುವುದು. ಬಾವಿಗೆ 40 ಮೊಳ ಎಂಬ ಅಳತೆಯನ್ನು ಫಿಕ್ಹ್ ಗ್ರಂಥಗಳು ಹೇಳುತ್ತವೆ. ನೀರಿನಷ್ಟೇ ನೀರಿನ ಅಂಚಿಗೂ ಗೌರವ ಬೇಕೆಂಬುದು ಇದರ ತಿರುಳು. 2003ರಲ್ಲಿ ರಾಜ್ಯ ಸರ್ಕಾರ ತಿಪ್ಪಗೊಂಡನಹಳ್ಳಿಯ ಜಲಾನಯನವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಜಲಾಶಯದ ಸುತ್ತ 2 ಕಿ.ಮೀ. ಮತ್ತು ನದಿಯ ಎರಡೂ ಬದಿಯಲ್ಲಿ 1 ಕಿ.ಮೀ. ಒಳಗೆ ಕಟ್ಟಡ, ಕೈಗಾರಿಕೆಗಳ ಮೇಲೆ ನಿರ್ಬಂಧ ಹಾಕಿದ್ದು ಇದೇ ವಿವೇಕದಿಂದ. ನಂತರದ ವರ್ಷಗಳಲ್ಲಿ ಆ ನಿರ್ಬಂಧಗಳನ್ನು ಸಡಿಲಿಸಲಾಯಿತು. ನೆಲದ ಬೆಲೆ ಏರಿದಾಗ ನೀರಿನ ಬೆಲೆ ಮರೆತುಹೋಗುತ್ತದೆ.

ಆರು, ಹೊಣೆ ಮತ್ತು ಮರುಪರಿಶೀಲನೆ. ಕೆರೆ ಒಂದು ಇಲಾಖೆಗೆ, ಅಂತರ್ಜಲ ಇನ್ನೊಂದಕ್ಕೆ, ಕೊಳಚೆ ಜಲಮಂಡಳಿಗೆ ಅಥವಾ ನಗರಸಭೆಗೆ, ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಳಿಗೆ, ತೋಪು ಅರಣ್ಯ ಇಲಾಖೆಗೆ. ಎಲ್ಲರ ಕೈಯಲ್ಲೂ ನದಿಯ ಒಂದೊಂದು ತುಂಡು ಇದೆ, ಇಡೀ ನದಿಗೆ ಉತ್ತರ ಕೊಡುವವರಿಲ್ಲ. ಯುರೋಪಿನ ದೇಶಗಳು 2000ದಲ್ಲಿ ಒಪ್ಪಿಕೊಂಡ ನೀರಿನ ಕಾನೂನಿನಂತೆ ಪ್ರತಿ ನದಿ ಕಣಿವೆಗೂ ಒಂದೇ ಯೋಜನೆ ಇರಬೇಕು, ಪ್ರತಿ 6 ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ಜನರ ಮುಂದಿಡಬೇಕು. ಅಲ್ಲಿಯೂ ಎಲ್ಲ ನದಿಗಳು ಸರಿಯಾಗಿಲ್ಲ. ಆದರೆ ಎಷ್ಟು ಸರಿಯಾಗಿಲ್ಲ ಎಂಬುದು ಜನರಿಗೆ ತಿಳಿಯುತ್ತದೆ.

ಮೇಲಿನವರು, ಕೆಳಗಿನವರು

ಯೋಜನೆಯ ಅತ್ಯಂತ ಕಠಿಣ ಭಾಗ ಹಂಚಿಕೆ. ಚೆಕ್ ಡ್ಯಾಂ ಕಟ್ಟಿದ ಊರಿಗೆ ಅದು ವರದಾನ, ಕೆಳಗಿನ ಕೆರೆಯವರಿಗೆ ಅದು ತಡೆಗೋಡೆ. ಇಬ್ಬರದೂ ನ್ಯಾಯವೇ.

ಮದೀನಾದ ಹರ್ರಾ ಎಂಬಲ್ಲಿ ಮಳೆ ನೀರಿನ ಕಾಲುವೆಯ ಬಗ್ಗೆ ಹ. ಝುಬೈರ್(ರ) ಮತ್ತು ಒಬ್ಬ ಅನ್ಸಾರಿಯ ನಡುವೆ ವ್ಯಾಜ್ಯ ಬಂದಾಗ ಪ್ರವಾದಿವರ್ಯರು(ಸ) ಮೊದಲು ಸೌಹಾರ್ದದ ದಾರಿ ಹೇಳಿದರು: ಝುಬೈರ್, ನಿಮ್ಮ ತೋಟಕ್ಕೆ ಹಾಯಿಸಿ, ಬಳಿಕ ನೀರನ್ನು ನೆರೆಯವರಿಗೆ ಬಿಡಿ. ಆ ವ್ಯಕ್ತಿ ಅದನ್ನೊಪ್ಪದೆ ಆಕ್ಷೇಪಿಸಿದಾಗ ನಿಯಮದ ಪೂರ್ಣ ಹಕ್ಕನ್ನು ತೀರ್ಮಾನಿಸಿದರು: ಮೇಲಿನವರು ಒಂದು ಮಟ್ಟದವರೆಗೆ ನೀರು ತುಂಬಿಸಿಕೊಂಡು ನಂತರ ಬಿಡಬೇಕು. ಫಿಕ್ಹ್ ವಿದ್ವಾಂಸರು ಆ ಮಟ್ಟವನ್ನು ಕಾಲಿನ ಹರಡಿನವರೆಗೆ ಎಂದು ಅರ್ಥೈಸಿದರು. ಇದರಲ್ಲಿ ಎರಡು ಮಾತುಗಳಿವೆ. ಮೇಲಿನವರಿಗೆ ಮೊದಲ ಹಕ್ಕು ಇದೆ. ಆದರೆ ಆ ಹಕ್ಕಿಗೆ ಅಳತೆಯಿದೆ, ಅದನ್ನು ದಾಟಿದ ನೀರು ಕೆಳಗಿನವರದು. ನಮ್ಮ ಹಳ್ಳಿಗಳಲ್ಲಿ ತೂಬು ತೆರೆದು ಮುಚ್ಚಿ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಗಳೂ ಇದೇ ನಿಯಮದಿಂದ ನಡೆಯುತ್ತಿದ್ದರು. ಕೆರೆಗೆ ನೀರುಗಂಟಿ ಇದ್ದಂತೆ ಇಡೀ ನದಿಗೂ ಒಬ್ಬರು ಬೇಕು.

ಬೆಂಗಳೂರಿನಲ್ಲಿರುವ ನಾವು ಮೇಲಿನವರು. ನಾವು ಬಿಡುವ ನೀರನ್ನು ಬೈರಮಂಗಲ, ರಾಮನಗರ, ಕನಕಪುರದವರು, ಅವರನ್ನೂ ದಾಟಿ ಸಂಗಮದಿಂದಾಚೆ ತಮಿಳುನಾಡಿನವರು ಬಳಸುತ್ತಾರೆ. ಜನರು ಬಳಸುವ ನೀರಿನ ತಾಣ, ನಡೆಯುವ ದಾರಿ, ಕೂರುವ ನೆರಳು ಈ ಮೂರನ್ನು ಹೊಲಸು ಮಾಡಿ ಶಾಪಕ್ಕೆ ಗುರಿಯಾಗಬೇಡಿ ಎಂಬ ಪ್ರವಾದಿ(ಸ) ಎಚ್ಚರಿಕೆಯನ್ನು ಒಬ್ಬ ವ್ಯಕ್ತಿಗೆ ಹೇಳಿದ್ದೆಂದು ಓದುತ್ತೇವೆ. ಒಂದು ನಗರವೇ ಹಾಗೆ ಮಾಡಿದರೆ ಆ ಎಚ್ಚರಿಕೆ ಕಡಿಮೆಯಾಗುತ್ತದೆಯೇ?

ನಮ್ಮ ಕೈಯಲ್ಲಿರುವುದು

ನಲ್ಲಿ ಬಿಗಿ ಮಾಡಿದ ಮಾತ್ರಕ್ಕೆ ಅರ್ಕಾವತಿ ಹರಿಯುವುದಿಲ್ಲ. ದೊಡ್ಡ ಪಾಲು ಬೋರ್, ಬೆಳೆ, ಕೊಳಚೆಗಳಲ್ಲಿದೆ. ಹಾಗೆಂದು ಕೈಯಲ್ಲಿರುವುದನ್ನು ಬಿಡುವುದೂ ಸಲ್ಲ. ಮಸೀದಿ ಕಮಿಟಿಗಳು, ಜಮಾಅತ್‌ಗಳು, ಕುಟುಂಬಗಳು ಈ ಕೆಲವನ್ನು ಮಾಡಬಹುದು.

ಮೊದಲನೆಯದು ವುಝೂ. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ ಮಾಡುತ್ತಿದ್ದರು. ಮದ್‌ಹಬ್‌ಗಳ ಲೆಕ್ಕದಲ್ಲಿ ಸ್ವಲ್ಪ ವ್ಯತ್ಯಾಸವಿದ್ದರೂ ಅದು ಹೆಚ್ಚೆಂದರೆ ಸುಮಾರು ಒಂದು ಲೀಟರ್. ನಲ್ಲಿ ತೆರೆದಿಟ್ಟು ಒಬ್ಬರು 5 ಲೀಟರ್ ಬಳಸಿದರೆ, ದಿನಕ್ಕೆ 200 ವುಝೂ ನಡೆಯುವ ಮಸೀದಿಯಲ್ಲಿ ಸಾವಿರ ಲೀಟರ್ ಹೋಗುತ್ತದೆ. ವುಝೂ ನೀರು ಶೌಚಾಲಯದ ನೀರಿನಂತಲ್ಲ. ಅದನ್ನು ಪ್ರತ್ಯೇಕ ಪೈಪಿನಲ್ಲಿ, ಜಲ್ಲಿ ಮರಳಿನ ಗುಂಡಿಯ ಮೂಲಕ ಗಿಡಗಳಿಗೆ ಬಿಡಬಹುದು.

ಎರಡನೆಯದು ಮಾಳಿಗೆ. ಎರಡು ಸಾವಿರ ಚದರ ಅಡಿಯ ಮಸೀದಿ ಅಥವಾ ಮದ್ರಸದ ಮಾಳಿಗೆಯಿಂದ, 800 ಮಿ.ಮೀ. ಮಳೆಗೆ, ವರ್ಷಕ್ಕೆ ಸುಮಾರು 1.2 ಲಕ್ಷ ಲೀಟರ್ ಹಿಡಿಯಬಹುದು. ತೊಟ್ಟಿ ತುಂಬಿ ಉಳಿದದ್ದು ಇಂಗುಗುಂಡಿಗೆ ಹೋಗಲಿ.

ಮೂರನೆಯದು ತೆರೆದ ನೆಲ. ಖಬರಸ್ತಾನ, ಈದ್ಗಾ, ವಕ್ಫ್ ಜಮೀನುಗಳು ಅನೇಕ ಊರುಗಳಲ್ಲಿ ಉಳಿದಿರುವ ಕೆಲವೇ ಮಣ್ಣಿನ ನೆಲಗಳು. ಅವುಗಳಿಗೆ ಗೋಡೆಯಿಂದ ಗೋಡೆಗೆ ಸಿಮೆಂಟ್ ಹಾಕುವ ಮೊದಲು ಯೋಚಿಸಿ. ಹೊಂಗೆ, ಬೇವು, ನೇರಳೆ ಇರಲಿ, ಮಳೆ ಇಂಗಲು ದಾರಿ ಇರಲಿ.

ನಾಲ್ಕನೆಯದು ತ್ಯಾಜ್ಯ. ಮಾಂಸದ ಅಂಗಡಿಗಳ ಕಸ, ಬಕ್ರೀದ್ ದಿನದ ತ್ಯಾಜ್ಯ ರಾಜಕಾಲುವೆಗೆ ಹೋಗುವುದನ್ನು ನಾವೇ ನಿಲ್ಲಿಸಬೇಕು. ಇಬಾದತ್ತಿನ ದಿನದ ಹೊಲಸು ಬೇರೆಯವರ ನೀರಿಗೆ ಸೇರಬಾರದು. ಹಬ್ಬಕ್ಕೆ ಮೊದಲೇ ಸ್ಥಳೀಯ ಸಂಸ್ಥೆಯೊಂದಿಗೆ ಮಾತಾಡಿ ಸಂಗ್ರಹಣೆಯ ಜಾಗ ಗೊತ್ತುಪಡಿಸಿಕೊಳ್ಳಲಿ.

ಐದನೆಯದು, ಇವೆಲ್ಲಕ್ಕಿಂತ ಮುಖ್ಯವಾದದ್ದು, ಹಾಜರಾತಿ. ಗ್ರಾಮಸಭೆಯಲ್ಲಿ, ನಗರಸಭೆಯ ಸಭೆಯಲ್ಲಿ ಮನೆ, ರೇಷನ್ ಕಾರ್ಡು, ರಸ್ತೆಯ ಬಗ್ಗೆ ಕೇಳುತ್ತೇವೆ. ನಮ್ಮ ಕೆರೆಯ ಒತ್ತುವರಿ ತೆರವಾಗಿದೆಯೇ, ಶುದ್ಧೀಕರಣ ಘಟಕ ನಡೆಯುತ್ತಿದೆಯೇ, ನಮ್ಮ ನದಿಯ ಕ್ರಿಯಾ ಯೋಜನೆಯ ಪ್ರತಿ ಎಲ್ಲಿದೆ ಎಂದೂ ಕೇಳೋಣ. ಕೇಳುವಾಗ ಪಕ್ಕದ ಬೀದಿಯ ಎಲ್ಲ ಧರ್ಮದವರನ್ನೂ ಜೊತೆಗೆ ಕರೆದುಕೊಳ್ಳೋಣ. ಹಡಗು ಒಂದೇ ಆದ್ದರಿಂದ ಅದರ ತಳ ಕಾಯುವ ಕೆಲಸವೂ ಎಲ್ಲರದು.

ಬಾಯಾರಿದವರಿಗೆ ನೀರು ಕೊಡುವುದು ದೊಡ್ಡ ಸದಕಾ ಎಂದು ನಾವು ನಂಬುತ್ತೇವೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುತ್ತೇವೆ, ಹೆತ್ತವರ ಹೆಸರಿನಲ್ಲಿ ಬಾವಿ ತೋಡಿಸುತ್ತೇವೆ. ಬತ್ತಿದ ಹಳ್ಳಕ್ಕೆ ಒರತೆ ಮರಳುವಂತೆ ಮಾಡುವುದೂ ಅದೇ ಬಗೆಯ ಸದಕಾ ಜಾರಿಯಾ. ಅದರ ಫಲ ಇಂದು ನೆಟ್ಟವರಿಗೆ ಕಾಣದಿರಬಹುದು, ಮೊಮ್ಮಕ್ಕಳಿಗೆ ಕಂಡೀತು. ಭೂಮಿಯ ಮೇಲಿನ ನೀರನ್ನು ಅಮಾನತ್ತಾಗಿ ಕಾಪಾಡಿ ಮುಂದಿನವರಿಗೆ ಒಪ್ಪಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.